ಕೈ ಹಚ್ಚಬಾರದ ಫೈಲು

ಕಣ್ಣಿಗೆ ಬಿದ್ದ ತಪ್ಪನ್ನು ಬಿದ್ದಲ್ಲೇ ತಿದ್ದದಿದ್ದರೆ ನನಗೆ ಊಟ ಸೇರುವುದಿಲ್ಲ. ಲಗ್ನಪತ್ರಿಕೆ ಬಂದರೆ ಅದರ ಅಚ್ಚಿನ ತಪ್ಪುಗಳನ್ನೆಲ್ಲ ಪೆನ್ನಿನಿಂದ ಸರಿಪಡಿಸಿ, ಆಮೇಲೆ ಮುಹೂರ್ತ ಯಾವಾಗ ಎಂದು ನೋಡುವವನು ನಾನು. ಇದು ನೇಕಾರರ ಮನೆಯ ರೋಗವಿರಬೇಕು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಮುಂದೆ ಕೂತಾಗ ಎಳೆ ಹರಿದರೆ, ಅಲ್ಲೇ ಬೆರಳಲ್ಲಿ ಹೊಸೆದು ಕೂಡಿಸಿ ಮುಂದೆ ಹೋಗುತ್ತಿದ್ದ. ನನ್ನನ್ನು ತಿದ್ದುವ ಕೆಲಸ ಮಾತ್ರ ಹೆಂಡತಿ ಮಹಾದೇವಿಯದು. ಸ್ನಾನ ಮಾಡಿ ಬಂದು ಹಸಿ ಟವೆಲನ್ನು ಹಾಸಿಗೆಯ ಮೇಲೆ ಒಗೆಯುವ ನನ್ನ ಅಭ್ಯಾಸವನ್ನು ಮದುವೆಯಾದಂದಿನಿಂದ ತಿದ್ದುತ್ತಲೇ ಇದ್ದಾಳೆ. ಅದು ಬೇರೆ ಮಾತು.

ಅಪ್ಪ ಮಗ್ಗ ಬಿಟ್ಟ, ನಾನು ಕಂಪ್ಯೂಟರ್ ಹಿಡಿದೆ. ಸೀರೆಯ ದಡಿಯ, ಅಂದರೆ ಅಂಚಿನ, ನಮೂನೆಯನ್ನು ವಿದ್ಯುತ್ ಮಗ್ಗಕ್ಕೆ ತಿಳಿಯುವ ಭಾಷೆಗೆ ಇಳಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ಮನುಷ್ಯ ಬರೆಯುವುದು ಇಷ್ಟೇ: ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬ ಒಂದು ಸಣ್ಣ ಮೂಲ ಫೈಲು. 'ಬಿಲ್ಡ್' ಎಂಬ ಗುಂಡಿ ಒತ್ತಿದರೆ ಅದರಿಂದ ಸಾವಿರಾರು ಸಾಲುಗಳು ತಾವೇ ಹುಟ್ಟಿ, ಒಂದು ಫೋಲ್ಡರಿನಲ್ಲಿ ಬಂದು ಕೂರುತ್ತವೆ.

ಮಹಾದೇವಿಯ ತಂಗಿಯ ಮಗಳಿಗೆ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಬೇಕು. "ಪ್ಯಾಟ್ಯಾಗ ಕೊಳ್ಳಬ್ಯಾಡ, ನಮ್ಮ ಪ್ರೋಗ್ರಾಮಿನಾಗ ಗೋಮಿ ದಡಿ ಹಾಕಿ ನೇಯಿಸಿ ಕೊಡ್ತೇನಿ" ಎಂದು ಮೀಸೆ ತಿರುವಿಬಿಟ್ಟಿದ್ದೆ. ಗುಡೂರಿನ ಮಗ್ಗದವರು ನೂಲು ಏರಿಸಿ ಕಾಯುತ್ತಿದ್ದರು. ಕುಬಸ ಹತ್ತಿರ ಬಂದಿತ್ತು. ಪರದೆಯ ಮೇಲೆ ನೋಡಿದರೆ ದಡಿಯ ಉದ್ದಕ್ಕೂ ಅಲ್ಲಲ್ಲಿ ಒಂದೊಂದು ಎಳೆ ಮಾಯ! ಹುಟ್ಟಿದ ಫೈಲನ್ನೇ ತೆರೆದು, ಅಪ್ಪನ ಹಾಗೆ ಹರಿದಲ್ಲೇ ಕೂಡಿಸಿದೆ. ಬಿಲ್ಡ್ ಒತ್ತಿದೆ. ಮತ್ತೆ ಮಾಯ. ಮತ್ತೆ ಕೂಡಿಸಿದೆ, ಮತ್ತೆ ಮಾಯ. ಸೀರೆಯಿಲ್ಲದೆ ಬರಿಗೈಯಲ್ಲಿ ಕುಬಸಕ್ಕೆ ಹೋದರೆ ಹೆಂಡತಿಯ ತವರಿನವರ ಮುಂದೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ಬಾದಾಮಿಯಲ್ಲಿ ಕೂತು ಇದೇ ಫೈಲುಗಳ ಮೇಲೆ ನಮ್ಮ ಜೊತೆ ಕೆಲಸ ಮಾಡುವ ರೇಣುಕಾಳ ಮೇಲೆ ಅನುಮಾನ ಬಂದು ಫೋನ್ ಹಚ್ಚಿದೆ.

"ನಾ ತಿದ್ದಿದ್ದನ್ನ ಯಾಕ ಕೆಡಸಾಕತ್ತೀ?"

"ನಾ ಯಾಕ ಕೆಡಸ್ಲಿ ಸರ್ರ? ಆ ಫೈಲಿನ ಮ್ಯಾಲಿನ ಸಾಲು ಓದೀರೇನು?"

ಓದಿದ್ದೆ. 'ಇದು ಯಂತ್ರ ಬರೆದದ್ದು, ಕೈ ಹಚ್ಚಬೇಡಿ' ಎಂದಿತ್ತು. ಉದ್ಯಾನದಲ್ಲಿ 'ಹೂ ಕೀಳಬೇಡಿ' ಎಂಬ ಫಲಕಕ್ಕೆ ಕೊಡುವಷ್ಟೇ ಬೆಲೆ ಕೊಟ್ಟಿದ್ದೆ.

"ಆ ಫೋಲ್ಡರ್ ಪೂರ್ತಿ ಅಳಿಸಿ ಒಗೀರಿ. ಮತ್ತ ಬಿಲ್ಡ್ ಒತ್ರಿ."

"ಅಳಿಸೂದು? ತಲಿ ಕೆಟ್ಟೈತೇನು ನಿನಗ?"

"ಅಂಜಬ್ಯಾಡ್ರಿ. ಮೂಲ ಇದ್ರ ಎಲ್ಲಾ ಹುಟ್ಟತೈತಿ."

ದೇವರ ಮೇಲೆ ಭಾರ ಹಾಕಿ ಅಳಿಸಿದೆ. ಫೋಲ್ಡರ್ ಬಟಾಬಯಲು. ಬಿಲ್ಡ್ ಒತ್ತಿದೆ, ಕಣ್ಣು ಮಿಟುಕಿಸುವುದರಲ್ಲಿ ಸಾವಿರಾರು ಸಾಲುಗಳೂ ಒಂದು ಚುಕ್ಕೆ ಬಿಡದೆ ಮರಳಿ ಬಂದವು. ಆ ತಪ್ಪು ಕೂಡ ಬಂತು! ಮೂಲ ಫೈಲು ತೆರೆದರೆ, ಏಳಬೇಕಾದ ಎಳೆಗೆ 'ಕೆಳಗೆ' ಎಂದು ಬರೆದವನು ನಾನೇ. ಆ ಒಂದು ಮಾತು ತಿದ್ದಿ ಮತ್ತೆ ಒತ್ತಿದೆ. ದಡಿ ಈ ತುದಿಯಿಂದ ಆ ತುದಿಯವರೆಗೆ ತುಂಬಿ ನಿಂತಿತು. ಸಣ್ಣಂದಿನಿಂದ ಐಹೊಳೆಯ ಗುಡಿಗಳ ನಡುವೆ ಓಡಾಡಿದವನಿಗೆ ಬಾಯಿಬಿಟ್ಟು ನೋಡುವ ಅಭ್ಯಾಸವಿಲ್ಲ. ಅಂದು ಮಾತ್ರ ಬಾಯಿಬಿಟ್ಟೇ ಕೂತಿದ್ದೆ. ಪೂರ್ತಿ ಅಳಿಸಿದರೂ ಅಳಿಯದಂಥದ್ದು ನನ್ನ ಮೇಜಿನ ಮೇಲೇ ಇತ್ತಲ್ಲ ಎಂದು ಮೈ ಜುಮ್ಮೆಂದಿತು.

ಕುಬಸಕ್ಕೆ ಮೊದಲೇ ಸೀರೆ ಬಂತು. ದಡಿಯ ಮೇಲೆ ಕೈಯಾಡಿಸುತ್ತಿದ್ದ ಮಹಾದೇವಿಗೆ ನಾನು ಆ 'ಕೈ ಹಚ್ಚಬೇಡಿ' ಸಾಲಿನಿಂದ ಹಿಡಿದು ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ. "ಹುಟ್ಟಿದ್ದನ್ನ ಎಷ್ಟ್ ತಿದ್ದಿದ್ರೂ ಮತ್ತ ಹಂಗ ಹುಟ್ಟತೈತಿ. ಮೂಲಾನ ತಿದ್ದಬೇಕು, ತಿಳೀತಿಲ್ಲೋ?"

ಅವಳು ಸೀರೆಯನ್ನು ನೋಡಿದಳು, ಹಾಸಿಗೆಯ ಮೇಲಿದ್ದ ಹಸಿ ಟವೆಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹುನಗುಂದದಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅವ್ವನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಟವೆಲಿನ ದೂರು ಒಪ್ಪಿಸಿದಳು. ಅವ್ವ ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟಳು.

"ಆ ಚಟ ನನ್ನಿಂದ ಬಂದದ್ದಲ್ಲ ಯವ್ವಾ, ಅವರಪ್ಪಂದು. ಅವರಿಗೆ ಅವರಪ್ಪಂದು. ನಾನೂ ತಿದ್ದಿ ತಿದ್ದಿ ಸಾಕಾಗಿ ಬಿಟ್ಟೇನಿ."

ಮಹಾದೇವಿ ಫೋನಿಟ್ಟು, ಟವೆಲನ್ನೆತ್ತಿ ನನ್ನ ಹೆಗಲ ಮೇಲೆ ಹಾಕಿದಳು.

"ನಿಮ್ಮ ಮ್ಯಾಲೂ ಬರೆದಿತ್ತೇನೋ, ಕೈ ಹಚ್ಚಬ್ಯಾಡ್ರಿ ಅಂತ. ನಾನ ಓದಿಲ್ಲ."