ಮೆಣಸಿನಕಾಯಿ ವಖಾರಿಯ ಮಂಗಲ ಕಾರ್ಯಾಲಯ

ದೇವರು ಕೆಲವರಿಗೆ ಸುಖ ಕೊಡ್ತಾನ, ಕೆಲವರಿಗೆ ಮಾಲಕರನ್ನ ಕೊಡ್ತಾನ. ನನಗ ಕೊಟ್ಟದ್ದು ಪುಣೆಯ ಭವಾನಿ ಪೇಠದಾಗ ಮೆಣಸಿನಕಾಯಿ ಅಡತಿ ಇಟ್ಟ ಧಾರವಾಡ ಕಡಿಯ ಸಾವಕಾರರನ್ನ. ಅವರ ಕೂಡ ದಿನಾ ಒಂದು ಫಜೀತಿ ಇದ್ದದ್ದ.

ಯುದ್ಧದ ಕಾಲಕ್ಕ ರೈಲು ಡಬ್ಬಿ ಎಲ್ಲಾ ಪಲ್ಟನ್ನಿಗೆ ಹೋದವು, ಬ್ಯಾಡಗಿ ಮೆಣಸಿನಕಾಯಿ ಬರೋದು ನಿಂತಿತು. ಸಾವಕಾರರ ಅಜ್ಜನ ಕಾಲದ ಕಲ್ಲಿನ ವಖಾರಿ ಖಾಲಿ ಬಿತ್ತು. ಅವರು ಸುಣ್ಣ ಹೊಡಿಸಿ, ಬಾಗಲಿಗೆ ತೋರಣ ಕಟ್ಟಿಸಿ, "ಇನ್ನ ಮ್ಯಾಲೆ ಇದು ಲಗ್ನಕ್ಕ ಬಾಡಿಗಿ ಕೊಡೋ ಮಂಗಲ ಕಾರ್ಯಾಲಯ" ಅಂದ್ರು. ಗುಮಾಸ್ತನಾಗಿದ್ದ ನನ್ನ ಮ್ಯಾನೇಜರ್ ಮಾಡಿ, "ಈ ಲಗ್ನದ ಹಂಗಾಮಿನ್ಯಾಗ ನಡದ್ರ ನಡೀತು, ಇಲ್ಲಂದ್ರ ನೀ ಊರಿಗೆ ನಡಿ" ಅಂತ ಹರಸಿದ್ರು. ಊರಾಗ ನನಗ ಹೊಲ ಇಲ್ಲ, ಮನಿ ಇಲ್ಲ. ಗ್ವಾಡಿಯೊಳಗ ಮೂರು ತಲಿಮಾರಿನಿಂದ ಕುಂತ ಖಾರ ಒಂದು ಕೈ ಸುಣ್ಣಕ್ಕ ಜಗ್ಗೀತೇನು?

೧. ವಸ್ತ್ರದ ಕೆಳಗ ಬಾಡಿಗಿ

ಅಡತಿ ವ್ಯಾಪಾರದಾಗ ದರ ಬಾಯಿಲೆ ಹೇಳಂಗಿಲ್ಲ. ಕೈ ಮ್ಯಾಲೆ ವಸ್ತ್ರ ಹಾಕಿ, ಕೆಳಗ ಬೆರಳು ಒತ್ತಿ ಹೇಳೋದು. ಮೊದಲನೇ ಗಿರಾಕಿ ಒಬ್ಬ ಮರಾಠಿ ವಕೀಲರು, ಮಗಳ ಲಗ್ನಕ್ಕ ಬಾಡಿಗಿ ಕೇಳಲಿಕ್ಕೆ ಬಂದ್ರು. ಸಾವಕಾರರು ರೂಢಿ ಪ್ರಕಾರ ಅವರ ಕೈ ಹಿಡದು, ವಸ್ತ್ರ ಮುಚ್ಚಿ, ಬೆರಳು ಹಿಚುಕಿದ್ರು. "ಅಹೋ, ಹೇ ಕಾಯ ಕರತಾಯ!" ಇದೇನು ಮಾಡ್ತೀರಿ ಅಂತ ವಕೀಲರು ಹೌಹಾರಿ, ಕೈ ಕಿತ್ತಗೊಂಡು ಓಡಿದ್ರು.

ಸಾವಕಾರರು ವಸ್ತ್ರ ಝಾಡಿಸಿ ಹೆಗಲಿಗೆ ಹಾಕ್ಕೊಂಡ್ರು. "ದರ ಜಾಸ್ತಿ ಆತಂತ ಕಾಣ್ತದ."

೨. ಗಂಡಿನವರ ಅಳು

ಅಂತೂ ಒಂದು ಲಗ್ನ ಬಂತು. ಜಮಖಾನಿ ಹಾಸೂದ್ರಾಗ ಖಾರದ ಧೂಳೆದ್ದು, ಹುಡುಗಿ ಕಳಸೂ ಹೊತ್ತಿಗೆ ಎಲ್ಲಾರಿಗೂ ಶೀನು, ಕಣ್ಣಾಗ ನೀರು. ಹೆಣ್ಣಿನವರು ಅಳೋದು ಪದ್ಧತಿ. ಇಲ್ಲಿ ಗಂಡಿನವರು, ಅಡಗಿಯವರು, ಬ್ಯಾಂಡಿನವರು ಸುದ್ದಾ ಗಳಗಳ ಅಳ್ತಿದ್ರು.

ವರನ ಅಜ್ಜಿ ನನ್ನ ಬಾಜೂಕ್ಕ ಕರದು ಮೆಲ್ಲಕ ಕೇಳಿದ್ಳು: "ಖರೆ ಹೇಳು ತಮ್ಮಾ, ನಮ್ಮ ಮನ್ಯಾಗ ಸೊಸಿ ಪಾಡು ಏನಂತ ಇವರಿಗೆಲ್ಲಾ ಯಾರು ಹೇಳಿದ್ರು?"

೩. ಒಂಟಿ ಶೀನು

ಆ ಮ್ಯಾಲೆ ಪೇಠಿ ತುಂಬ ಶೀನಿನ ಕಾರ್ಯಾಲಯ ಅಂತ ಹೆಸರಾತು. ಒಬ್ರೂ ಹಣಿಕಿ ಹಾಕಲಿಲ್ಲ. ಹಟಕ್ಕ ಬಿದ್ದ ಸಾವಕಾರರು ಸ್ವಂತ ಮಗಳ ಲಗ್ನಾನ ಅಲ್ಲೇ ಇಟ್ರು. "ಇದೂ ಕೆಟ್ರ ನಿನ್ನ ಗಂಟು ಕಟ್ಟು" ಅಂದ್ರು ನನಗ.

ವರ-ವಧು ನಡುವ ಅಂತರಪಟ ಹಿಡದಿದ್ರು. ಮಂದಿ ಒಂದು ಕೈಯಾಗ ಅಕ್ಷತಿ, ಇನ್ನೊಂದರಾಗ ಮೂಗು ಹಿಡದು ನಿಂತಿದ್ರು. ಭಟ್ರು "ಸಾವಧಾನ" ಅನ್ನೂದಕ್ಕೂ ವರನ ಅಪ್ಪ "ಆಕ್ಷೀ" ಅನ್ನೂದಕ್ಕೂ ಸರಿ ಹೋತು.

ಒಂದ ಶೀನು! ಒಂಟಿ ಶೀನು ಅಪಶಕುನ, ಜೋಡಿ ಆದ್ರ ಶುಭ. ಭಟ್ರು ಅಂತರಪಟ ಸರಸಲಿಕ್ಕೆ ತಯಾರಿಲ್ಲ. "ಇನ್ನೊಂದು ಬರಲಿ ಬೀಗರ, ಮುಹೂರ್ತ ಮೀರ್ತದ!" ಬೀಗರು ಕಿಡಕ್ಯಾಗಿಂದ ಸೂರ್ಯನ್ನ ನೋಡಿದ್ರು, ಮೂಗು ತಿಕ್ಕಿದ್ರು, ತಪಕೀರಿನ ನಶ್ಯ ಮೂಗಿಗೇರಿಸಿದ್ರು. ಊಹೂಂ, ಬರವಲ್ದು. ಬ್ಯಾಡಾದಾಗ ಬರೋ ಶೀನು ಬೇಕಾದಾಗ ಯಾಕ ಬರ್ತದ?

ಸಾವಕಾರರು ನನ್ನ ಕಡೆ ದುರುಗುಟ್ಟಿ ನೋಡಿದ್ರು. ನಾ ಮೂಲ್ಯಾಗಿದ್ದ ಕಸಬರಗಿ ತಗೊಂಡು ಬೀಗರ ಹಿಂದಿನ ಗ್ವಾಡಿಗೆ ರಪರಪ ಬಡದೆ. ಅಜ್ಜನ ಕಾಲದ ಖಾರ ಕೆಳಗಿಳೀತು. ಬೀಗರು ಶೀನಿದ್ರು, ಬೀಗತಿ ಶೀನಿದ್ಳು, ಇಡೀ ಮಂಟಪ ಶೀನಿತು. ಒಟ್ಟು ಬೆಸ ಆತೋ ಸಮ ಆತೋ ಅಂತ ಎಣಿಸಲಿಕ್ಕೆ ಹೊಂಟ ಭಟ್ರು ತಾವೂ ಶೀನಿ ಲೆಕ್ಕ ತಪ್ಪಿದ್ರು. ಮತ್ತ ಮೊದಲಿಂದ ಸುರು ಮಾಡಿದ್ರು!

ಆಗ ಅಂತರಪಟದ ಹಿಂದಿಂದ ಮದುಮಗಳ ದನಿ ಬಂತು: "ಭಟ್ರ, ಲೆಕ್ಕ ಸಾಕ್ರಿ, ಅಕ್ಷತಿ ಒಗೀರಿ. ಇವರು ಇಲ್ಲೇ ಶೀನಿ ಶೀನಿ ಬಿದ್ದು ಹೋದ್ರ ನಾ ಮಾಲಿ ಯಾರಿಗೆ ಹಾಕ್ಲಿ?"

ಅಕ್ಷತಿ ಬಿತ್ತು. ಬೀಗರು ಕಣ್ಣು ಒರಸಿಕೊಂಡು ಸಾವಕಾರರಿಗೆ ಅಂದ್ರು: "ಸಣ್ಣ ಮಗನ ಲಗ್ನಾನೂ ಇಲ್ಲೇ ಮಾಡ್ತೀನ್ರಿ. ಕಸಬರಗಿ ಹಿಡಿಲಿಕ್ಕೆ ಮಾತ್ರ ಈ ಮ್ಯಾನೇಜರ ಬೇಕು. ಇವನ ಕೈಗುಣ ಭಾಳ ಚಲೋ ಅದ!"