ನಾನು ಆರಿಸಿ ಕೊಟ್ಟ ಒಂದನೇ ನಂಬರ್ ಮೂತ್ರ

ಮಾಲು ನೋಡುವುದರಲ್ಲಿ ನನ್ನನ್ನು ಮೀರಿಸುವವರು ಬೀದರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿನಲ್ಲಿ ಯಾರೂ ಇಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಅಲ್ಲಿ ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ನನ್ನದೊಂದು ಅಡತಿ ಅಂಗಡಿ ಇದೆ. ರೈತ ತೊಗರಿ ತಂದು ಇಳಿಸಿದ ಕೂಡಲೇ ಚೀಲಕ್ಕೆ ಕಬ್ಬಿಣದ ಮೊನೆ ಚುಚ್ಚಿ ಒಂದು ಹಿಡಿ ಕಾಳು ಹೊರಗೆ ತೆಗೆಯುತ್ತೇನೆ. ಅಂಗೈಯಲ್ಲಿ ಹರಡಿ, ಊದಿ, ಒಂದೆರಡು ಕಾಳು ಕಡಿದು ನೋಡಿ, ಇಡೀ ಲಾರಿಯ ಜಾತಕ ಹೇಳಿಬಿಡುತ್ತೇನೆ. ಖರೀದಿದಾರರಿಗೆ ತೋರಿಸಲು ಅದರಲ್ಲೇ ಚೆಂದದ ಕಾಳು ಆರಿಸಿ ತಟ್ಟೆಯಲ್ಲಿ ಇಡುವುದೂ ಇದೇ ಕೈ. ಇಂಥ ಕೈಗೆ ಒಂದು ದಿನ ಪ್ಲಾಸ್ಟಿಕ್ ಕ್ಯಾನು ಬಂದು ಸೇರಿತು.

ಕ್ಯಾನು ಬಂದದ್ದು ನನ್ನ ಅಕ್ಕ ಶಾಂತಮ್ಮನ ಸಲುವಾಗಿ. ಆಕೆ ಇರುವುದು ಭಾಲ್ಕಿಯಲ್ಲಿ. ಆಕೆಯ ಎರಡೂ ಕಿಡ್ನಿ ಕೆಲಸ ಬಿಟ್ಟು ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ ದಪ್ಪ ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ. ನಮ್ಮೂರು ಕಮಠಾಣದಲ್ಲಿ ಅಪ್ಪ ಅವ್ವ ಕುರಿಗಳ ಹಿಂದೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಹಾಗಾಗಿ ನನ್ನದೊಂದು ಕಿಡ್ನಿ ಕೊಡುತ್ತೇನೆ ಎಂದೆ. ರಕ್ತದ ಗುಂಪೂ ಕೂಡಿತು. ಮುಂದಿನ ಬುಧವಾರ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗುವುದೆಂದು ನಿಗದಿಯಾಯಿತು. ಅದಕ್ಕೂ ಮೊದಲು ಬೀದರಿನ ಡಾಕ್ಟರು ರಕ್ತದ ಜೊತೆ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು: ಇಪ್ಪತ್ನಾಲ್ಕು ತಾಸಿನ ಮೂತ್ರ!

ಲ್ಯಾಬಿನ ಹುಡುಗಿ ಐದು ಲೀಟರಿನ ಕ್ಯಾನು ಕೊಟ್ಟು ಬಿಡಿಸಿ ಹೇಳಿದಳು. “ನಾಳಿ ಮುಂಜಾನಿ ಎದ್ದ ಕೂಡ್ಲೆ ಮೊದಲ್ನೇದು ಬಿಟ್ಟುಬಿಡ್ರಿ. ಆಮ್ಯಾಲ ಮರುದಿನ ಮುಂಜಾನಿತನಕ ಎಲ್ಲಾ ಇದ್ರಾಗೇ ಹಾಕ್ರಿ. ಒಂದು ಹನಿನೂ ಚೆಲ್ಲಬ್ಯಾಡ್ರಿ.”

“ಆಯ್ತವ್ವಾ” ಎಂದೆ. ಆದರೆ ಮನಸ್ಸಿನಲ್ಲಿ ನಕ್ಕೆ. ಪಾಪ, ಚಿಕ್ಕ ಹುಡುಗಿ, ವ್ಯಾಪಾರ ತಿಳಿಯದು. ಹತ್ತು ಲಾರಿ ಮಾಲಿದ್ದರೂ ನೋಡುವುದು ಒಂದು ಹಿಡಿ ತಾನೆ? ಅದೂ ಅಲ್ಲದೆ ಹಮಾಲರು, ರೈತರು, ಖರೀದಿದಾರರು ತುಂಬಿದ ಗಂಜಿನಲ್ಲಿ ನಾನು ಕ್ಯಾನು ಹಿಡಿದು ಓಡಾಡಿದರೆ ನನ್ನ ಮರ್ಯಾದೆಯ ಗತಿ ಏನು?

ಮರುದಿನ ಮನೆಯಲ್ಲೇ ಮಾಲಿನ ಪರಿಶೀಲನೆ ಶುರುವಾಯಿತು. ಚಹಾ ಕುಡಿದ ಮೇಲೆ ಬಂದದ್ದು ಗಾಢ ಹಳದಿ. ಮಳೆಗೆ ಸಿಕ್ಕ ತೊಗರಿಯ ಬಣ್ಣ! ತಿರಸ್ಕರಿಸಿದೆ. ಅಂಗಡಿಯಲ್ಲಿ ಬಂದದ್ದೆಲ್ಲ ಅಂಗಡಿಯ ಹಿಂದಿನ ಮೋರಿಗೆ ಹೋಯಿತು. ಊಟಕ್ಕೆ ಮನೆಗೆ ಬಂದವನು ಮೂರು ತಂಬಿಗೆ ನೀರು, ಒಂದು ತಂಬಿಗೆ ಮಜ್ಜಿಗೆ ಕುಡಿದು ಕಾದೆ. ಈ ಸಲ ಬಂತು ನೋಡಿ! ತಿಳಿ ನೀರು. ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತಿತ್ತು. ಅದನ್ನು ಭಕ್ತಿಯಿಂದ ಕ್ಯಾನಿಗೆ ಸುರಿದು ಮುಚ್ಚಳ ಬಿಗಿದೆ. ಆಮೇಲಿನದಕ್ಕೆ ಕ್ಯಾನಿನ ಬಾಯಿ ತೆರೆಯಲೇ ಇಲ್ಲ.

ಮರುದಿನ ಲ್ಯಾಬಿನ ಹುಡುಗಿ ಕ್ಯಾನು ಅಲ್ಲಾಡಿಸಿ ನೋಡಿದಳು. “ಇಡೀ ದಿನಂದು ಇಷ್ಟೇ ಏನ್ರಿ?”

“ಇಷ್ಟೇ ರೀ. ಕಸ ಇಲ್ಲ, ಕಡ್ಡಿ ಇಲ್ಲ. ಅಪ್ಪಟ ಮಾಲು!”

ಅವಳು ನನ್ನ ಮುಖ ನೋಡಿದಳು, ಏನೋ ಬರೆದುಕೊಂಡಳು. ಮೆಚ್ಚಿದಳೆಂದು ತಿಳಿದೆ.

ಶನಿವಾರ ಸಂಜೆ ರಿಪೋರ್ಟು ಫೋನಿಗೆ ಬಂತು. ಓದಿದವಳು ನನ್ನ ಹೆಂಡತಿ ಕಸ್ತೂರಿ. ಓದುತ್ತ ಓದುತ್ತ ಅವಳ ಧ್ವನಿ ಸಣ್ಣದಾಯಿತು. “ನೋಡ್ರಿ ಇಲ್ಲಿ... ಕಿಡ್ನಿ ಸೋಸೂದು ತೊಂಬತ್ತರ ಮ್ಯಾಲ ಇರಬೇಕಂತ. ನಿಮ್ದು ಹನ್ನೊಂದು ಅದ.”

“ಅದು ಸಾಲಿನ ನಂಬರ್ ಇರಬೇಕು. ಸರಿ ನೋಡು.”

“ನಂಬರ್ ಅಲ್ಲರೀ! ಕಿಡ್ನಿ ಹೋಗ್ಯಾವು ನಿಮ್ಮವು!”

ಒಂದು ಕಿಡ್ನಿ ದಾನ ಮಾಡಲು ಹೊರಟ ಮಹಾತ್ಮನಿಗೆ ಎರಡೂ ಇಲ್ಲ! ಅಷ್ಟರಲ್ಲಿ ಕಸ್ತೂರಿ ಅಡುಗೆಮನೆಗೆ ನುಗ್ಗಿ, ಅಕ್ಕನ ಪಥ್ಯವನ್ನೆಲ್ಲ ನನಗೂ ಹಚ್ಚಿ, ಉಪ್ಪಿನ ಡಬ್ಬಿ ಅಟ್ಟದ ಮೇಲಿಟ್ಟಳು. ಬಾಳೆಹಣ್ಣು ಪಕ್ಕದ ಮನೆಗೆ ಹೋಯಿತು. ಬೇಳೆಯೂ ಬಂದ್. ತೊಗರಿ ಅಡತಿಯವನ ಮನೆಯಲ್ಲಿ ಬೇಳೆ ಬಂದ್! ಉಪ್ಪಿಲ್ಲದ ಗಂಜಿ ಉಣ್ಣುತ್ತ ಕನ್ನಡಿ ನೋಡಿಕೊಂಡೆ. ಮುಖ ಊದಿದಂತೆ ಕಂಡಿತು. “ಅದು ಮೊದಲಿಂದನೂ ಹಂಗೇ ಅದರಿ” ಎಂದು ಕಸ್ತೂರಿ ಅಳುತ್ತಲೇ ಸಮಾಧಾನ ಮಾಡಿದಳು.

ಭಾನುವಾರ ಸುದ್ದಿ ಕೇಳಿ ಅಕ್ಕ ಭಾಲ್ಕಿಯಿಂದ ಬಸ್ಸು ಹತ್ತಿ ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಗೆ ಬಂದುಬಿಟ್ಟಳು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿತ್ತು. ಕೈಗೆ ಪಟ್ಟಿ ಹಾಗೇ ಇತ್ತು. ಒಳಗೆ ಬಂದವಳೇ ನನ್ನ ತಲೆ ಸವರಿದಳು.

“ತಮ್ಮಾ, ನೀ ಅಂಜಬ್ಯಾಡ. ಸೂಜಿ ಮೊದ್ಲ ಮೊದ್ಲ ಅಷ್ಟೇ ನೋಯ್ತದ. ನಾ ಬಾಜೂಕ ಕೂಡ್ತೇನಿ. ನನ್ನವು ಛಲೋ ಇದ್ರ ನಾನೇ ನಿನಗ ಒಂದು ಕೊಡ್ತಿದ್ದೆ ಮಾರಾಯಾ.”

ನಾನು ಗೊಳೋ ಎಂದು ಅತ್ತೆ. ಆಕೆಯ ಸಲುವಾಗಿ ಅತ್ತೆ ಎಂದು ಬರೆಯಲು ಆಸೆಯಿದೆ. ನಿಜ ಹೇಳಬೇಕೆಂದರೆ ನನ್ನ ಸಲುವಾಗಿಯೇ ಅತ್ತೆ.

ಸೋಮವಾರ ಮೂವರೂ ಡಾಕ್ಟರ ಮುಂದೆ ಕುಳಿತೆವು. ಅವರು ಒಂದು ಕಾಗದ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲಿನದನ್ನು ನೋಡಿದರು.

“ರಕ್ತದಾಗ ಕ್ರಿಯಾಟಿನಿನ್ ಅನ್ನೂ ಹೊಲಸು ಹೆಚ್ಚಿಲ್ಲ, ಬರೋಬ್ಬರಿ ಅದ. ಕಿಡ್ನಿ ಕೆಟ್ಟವರಿಗಿ ಹಿಂಗ ಇರೂದಿಲ್ಲ. ಆದ್ರ ಮೂತ್ರ ದಿನಕ್ಕ ಮುನ್ನೂರೈವತ್ತು ಮಿಲಿ ಅಂತ ಬರದಾರ. ಎಲ್ಲಾ ಹಿಡದಿದ್ರಿ ಏನು?”

ನನಗೆ ಉತ್ಸಾಹ ಬಂತು. ನನ್ನ ಪರಿಣತಿಯನ್ನು ವಿವರಿಸಲು ಇದೇ ಸಮಯ! ಹೇಗೆ ಕೆಟ್ಟದ್ದನ್ನು ಬೇರ್ಪಡಿಸಿದೆ, ಹೇಗೆ ಒಂದನೇ ನಂಬರಿನದನ್ನಷ್ಟೇ ಆರಿಸಿದೆ, ಎಲ್ಲ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಾಹುಕಾರ್ರ, ನಿಮ್ಮ ಲಾರಿ ತೂಕ ಮಾಡ್ಬೇಕು ಅಂದ್ರ ಕಾಂಟಾದ ಮ್ಯಾಲ ಲಾರಿ ನಿಲ್ಲಸ್ತೀರಿ, ಇಲ್ಲಾ ಒಂದು ಹಿಡಿ ಕಾಳು ಇಡ್ತೀರಿ? ಇದು ತೂಕರಿ. ಇಡೀ ದಿನ ಕಿಡ್ನಿ ಎಷ್ಟು ಹೊಲಸು ಹೊರಗ ಹಾಕ್ತು ಅಂತ ಲೆಕ್ಕ. ನೀವು ನೀರಿನಂಥಾದು ಕೊಟ್ರಿ. ಅದ್ರಾಗ ಹೊಲಸು ಕಡಿಮಿ. ಹಳದಿದು ಚೆಲ್ಲಿದ್ರಿ, ಖರೇ ಮಾಲು ಅದ್ರಾಗ ಹೋಯ್ತು.”

ಬುಧವಾರ ಹೈದರಾಬಾದಿಗೆ ಹೋಗುವುದು ತಪ್ಪಿತು. ಪರೀಕ್ಷೆ ಮತ್ತೆ ಮಾಡಬೇಕು, ಅಲ್ಲಿಯ ಮುಂದಿನ ತಾರೀಖು ಮೂರು ವಾರಕ್ಕೆ. ಎಂದರೆ ಅಕ್ಕನಿಗೆ ಇನ್ನೂ ಒಂಬತ್ತು ಸಲ ಸೂಜಿ, ನನ್ನ ಜಾಣತನಕ್ಕೆ. ನಾಚಿಕೆಯಿಂದ ನೆಲ ನೋಡುತ್ತ ಕುಳಿತೆ. ಅಕ್ಕ ಬೈಯುತ್ತಾಳೆಂದು ಕಾದೆ. ಆಕೆ ಬೈಯಲಿಲ್ಲ.

“ತಮ್ಮಾ” ಎಂದಳು ಮೆಲ್ಲಗೆ, “ಎರಡು ವರ್ಷ ಆಯ್ತು, ನನಗ ಒಂದು ಹನಿ ಬಂದಿಲ್ಲ. ನೀ ತಂಬಿಗಿಗಟ್ಟಲೆ ಮೋರಿಗಿ ಸುರದಿ?”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಭಾನುವಾರ ಎರಡನೇ ಕ್ಯಾನಿನ ಉಸ್ತುವಾರಿಯನ್ನು ಅಕ್ಕ ಸ್ವತಃ ವಹಿಸಿಕೊಂಡಳು. ನಮ್ಮ ಬಚ್ಚಲುಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಳು. ಆಕೆಗೆ ದಿನಕ್ಕೆ ಕುಡಿಯಲು ಅಳೆದ ನೀರು, ಎರಡು ಸಣ್ಣ ಲೋಟದಷ್ಟು. ಆದರೂ ತಾಸಿಗೊಮ್ಮೆ ನನಗೆ ತುಂಬಿದ ಲೋಟ ತಾನೇ ಕೊಟ್ಟಳು. ನಾನು ಕುಡಿಯುವಾಗ ಬೇರೆ ಕಡೆ ನೋಡುತ್ತಿದ್ದಳು.

“ಎಲ್ಲಾ ಹಾಕಿದಿ?”

“ಹಾಕಿದೆ ಅಕ್ಕಾ.”

“ಹಳದಿದು?”

“ಅದನ್ನೂ ಹಾಕಿದೆ ಅಕ್ಕಾ!”

ನಲವತ್ತೆಂಟು ವರ್ಷದ ಅಡತಿ ವ್ಯಾಪಾರಿ ಹೀಗೆ ಬಾಗಿಲ ಒಳಗಿನಿಂದ ವರದಿ ಒಪ್ಪಿಸುತ್ತಿದ್ದ. ಓಣಿಯ ಹೆಂಗಸರು ಕಸ್ತೂರಿಯ ಹತ್ತಿರ ವಿಷಯ ಕೇಳಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ಹೋಗುತ್ತಿದ್ದರು.

ಈ ಸಲದ ರಿಪೋರ್ಟು ತೊಂಬತ್ತು ದಾಟಿತು. “ಕಿಡ್ನಿ ಫಸ್ಟ್ ಕ್ಲಾಸ್ ಅವ. ಮುಂದಿನ ಪರೀಕ್ಷಾ ಹೈದರಾಬಾದದಾಗ ಆಗ್ತಾವ, ಧೈರ್ಯದಿಂದ ಹೋಗ್ರಿ” ಎಂದರು ಡಾಕ್ಟರು. ನಾನು ಎದೆ ಸೆಟೆಸಿ ಕುಳಿತೆ. ಕಸ್ತೂರಿ ಕಣ್ಣು ಒರೆಸಿಕೊಂಡಳು. ಅಕ್ಕ ಮಾತ್ರ ಏನೋ ಯೋಚನೆಯಲ್ಲಿದ್ದಳು.

“ಒಂದು ಮಾತು ಕೇಳಲೇನ್ರಿ ಡಾಕ್ಟರ್ ಸಾಹೇಬ್ರ?”

“ಕೇಳವ್ವಾ.”

“ಇವನ ಕಿಡ್ನಿ ತಗೋತೇನಿ. ಅದ್ರ ಸಂಗಟ ಇವನ ಬುದ್ಧಿನೂ ಬರ್ತದೇನ್ರಿ?”

ಡಾಕ್ಟರು ಬಹಳ ಗಂಭೀರವಾಗಿ, ಬರುವುದಿಲ್ಲವೆಂದು ಭರವಸೆ ಕೊಟ್ಟರು. ಆಮೇಲೆಯೇ ಅಕ್ಕ ನನ್ನ ಕಿಡ್ನಿ ಪಡೆಯುವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು.