ಸಾವ್ಕಾರರ ಎಡಗೈ

ಎಲ್ಲರ ಎಲುಬು-ನರಗಳೊಳಗೆ ಸುಳಿದಾಡುವ ಶಿವನೇ, ಮೊದಲು ನಿನಗೆ ಶರಣು.

ನಮ್ಮ ಭಾಗದ ಫಿಜಿಯೋಥೆರಪಿಯವರ ಸಂಘಕ್ಕೆ ಇಪ್ಪತ್ತೈದು ತುಂಬಿತೆಂದು ಮೊನ್ನೆ ಯಾದಗಿರಿಯಲ್ಲಿ ಸೇರಿದ್ದೆವು. ಸೋತ ಕೈಕಾಲಿಗೆ ವ್ಯಾಯಾಮ ಕಲಿಸುವವರ ಬಾಳಿನಲ್ಲಿ ನಗುವಿಗೆ ಬರವಿಲ್ಲ. ಒಬ್ಬೊಬ್ಬರೂ ಒಂದೊಂದು ಪ್ರಸಂಗ ಹೇಳಿದರು. ನನ್ನ ಸರದಿ ಬಂದಾಗ ಕಣ್ಣ ಮುಂದೆ ನಿಂತವರು ಶಹಾಪುರದ ಅರಿವೆ ಅಂಗಡಿ ಸಾವ್ಕಾರರು. ಈಗ ಅವರು ಲಿಂಗೈಕ್ಯರು. ಅವರು ನನ್ನ ಬಳಿ ಬಂದಾಗ ನಾನು ಅಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದೆ.

೧. ಗುಳಿಗಿ ಇಲ್ಲದ ಡಾಕ್ಟರು

ಲಕ್ವಾ ಹೊಡೆದು ಸಾವ್ಕಾರರ ಎಡಗೈ ಜೋತುಬಿದ್ದಿತ್ತು. ಅವರಿಗೆ ಕೈಯ ಚಿಂತೆಗಿಂತ ಪೂಜೆಯ ಚಿಂತೆ. "ಐವತ್ತು ವರ್ಷ ಎಡ ಅಂಗೈ ಮ್ಯಾಲ ಇಷ್ಟಲಿಂಗ ಇಟ್ಕೊಂಡು ಪೂಜಿ ಮಾಡೀನಿ ಯವ್ವಾ. ಈಗ ಇಕಿ ಕೆಳಗ ಕೈ ಹಿಡದ್ರ ಮಾತ್ರ ಲಿಂಗ ನಿಲ್ತದ" ಎಂದು ಹೆಂಡತಿಯ ಕಡೆ ನೋಡಿ ಕಣ್ಣೊರೆಸಿಕೊಂಡರು.

ನಾನು ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ಎರಡು ಹೊತ್ತು ಇದನ್ನ ಹಿಚುಕ್ಬೇಕ್ರಿ" ಎಂದೆ.

"ಗುಳಿಗಿ?"

"ಇಲ್ರಿ."

"ಸೂಜಿ?"

"ಅದೂ ಇಲ್ರಿ."

ಸಾವ್ಕಾರರು ಹೆಂಡತಿಗೆ ಮೆಲ್ಲಗೆ ಅಂದರು: "ಏ, ಇಕಿ ಡಾಕ್ಟರ್ ಅಲ್ಲ, ಸಾಲ್ಯಾಗ ಆಟ ಆಡ್ಸಾಕಿ ಇದ್ದಾಳ. ಕೊರಳಾಗ ಸೀಟಿ ಒಂದು ಕಡಿಮಿ ಅದ."

೨. ಅಯ್ಯನವರ ಸೇವೆ

ಹದಿನೈದು ದಿನವಾದರೂ ಬೆರಳು ಅಲುಗಲಿಲ್ಲ. ನನಗೇ ದಿಗಿಲಾಯಿತು. "ಚೆಂಡು ಹಿಚುಕಾಕತ್ತೀರಿಲ್ರಿ?"

"ಒಂದ್ ಹೊತ್ತೂ ತಪ್ಪಿಲ್ಲ ಯವ್ವಾ. ನಮ್ಮ ಮನಿ ಅಯ್ಯನವರಿಗೆ ಒಪ್ಪಿಸೀನಿ. ಜಳಕ ಮಾಡಿ, ಮಡೀಲೆ ಕುಂತು, ನನ್ನ ಹೆಸರಿನ ಮ್ಯಾಲ ಹಿಚುಕ್ತಾರ."

ಅವರ ಹೆಸರಿನಲ್ಲಿ ಅಭಿಷೇಕ, ಜಪ ಎಲ್ಲ ಅಯ್ಯನವರೇ ಮಾಡುವುದು ಆ ಮನೆಯ ರೂಢಿ. ಇದೂ ಹಾಗೇ ಎಂದುಕೊಂಡಿದ್ದರು. ನಾನು ಬೆರಗಾಗಿ ನೋಡಿದರೆ, ಪಕ್ಕದಲ್ಲೇ ಇದ್ದ ಅಯ್ಯನವರು ಸಂಕೋಚದಿಂದ ಅಂದರು: "ಆ ಚೆಂಡು ಒಡದದರಿ. ಇನ್ನೊಂದು ಕೊಡ್ತೀರೇನ್ರಿ?"

೩. ಹೆಂಡತಿಯ ತೀರ್ಪು

ಅಲ್ಲೇ ಹೆಂಡತಿ ಸಿಡಿದರು. "ಅಯ್ಯನವರ ಕೈ ಗಟ್ಟಿ ಆತು. ನಿಮ್ಮದು ಯಾವಾಗ? ನಾ ಸುರಪುರಕ್ಕ ತವರಿಗೆ ಹೊಂಟೀನಿ. ಲಿಂಗದ ಕೆಳಗೂ ಅಯ್ಯನವರ ಕೈನೇ ಇಟ್ಕೋರಿ!"

ಸಾವ್ಕಾರರು ನನ್ನಿಂದ ಹೊಸ ಚೆಂಡು ಇಸಿದುಕೊಂಡರು. ಅವತ್ತಿನಿಂದ ಅಂಗಡಿ ಗಾದಿಯ ಮೇಲೆ ಕೂತು ತಾವೇ ಹಿಚುಕತೊಡಗಿದರು. ಅವರು ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡುವುದನ್ನು ಕಂಡ ಹೆಂಗಸರು, ಚೌಕಾಸಿಗೆ ಸಿಟ್ಟಾದರೆಂದು ಹೆದರಿ ಹೇಳಿದ ರೇಟಿಗೇ ಸೀರೆ ಒಯ್ದರಂತೆ.

೪. ಆ ಬೆಳಗು

ಮೂರು ತಿಂಗಳ ಮೇಲೆ ಒಂದು ಸೋಮವಾರ ಮನೆಗೆ ಕರೆದರು. ಸಾವ್ಕಾರರು ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದರು. ಹೆಂಡತಿ ತಮ್ಮ ಕೈ ಮೆಲ್ಲಗೆ ಕೆಳಗಿನಿಂದ ತೆಗೆದರು. ಬೆರಳು ಕಂಪಿಸಿದವು, ಲಿಂಗ ಅಂಗೈ ಮೇಲೆ ನಿಂತಿತು. "ಶಿವ ಶಿವಾ" ಎಂದು ನಾನು ಕೈ ಮುಗಿದೆ.

ಸಾವ್ಕಾರರ ತುಟಿ ಅಲುಗುತ್ತಿತ್ತು. ಮಂತ್ರ ಕೇಳೋಣವೆಂದು ಇಬ್ಬರೂ ಬಾಗಿದೆವು.

"...ಏಳು... ಎಂಟು... ಒಂಬತ್ತು..."

ವ್ಯಾಯಾಮ ಕಲಿಸುವಾಗ, ಕೈ ಎತ್ತಿದರೆ ಹತ್ತು ಎಣಿಸುವ ತನಕ ಇಳಿಸಬೇಡಿ ಎಂದು ಹೇಳಿದವಳು ನಾನೇ!

"ಅಯ್ಯ ನನ್ನ ಶಿವನ! ಮಂತ್ರ ಬಿಟ್ಟು ಎಣಸಾಕತ್ತಾರಲ್ರೀ!" ಎಂದರು ಹೆಂಡತಿ.

ಸಾವ್ಕಾರರು ಕಣ್ಣು ತೆರೆಯಲಿಲ್ಲ. "ಸುಮ್ಮ ಕೂಡು. ಶಿವ ಐವತ್ತು ವರ್ಷ ಮಂತ್ರ ಕೇಳ್ಯಾನ. ಇವತ್ತೊಂದಿನ ಅಂಕಿ ಕೇಳಲಿ."

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಕೈಗಳಿಗೂ ಶಿವ ಬಲ ಕೊಡಲಿ. ಸೋತ ದಿನ ಕೆಳಗೊಂದು ಪ್ರೀತಿಯ ಕೈ ಇರಲಿ.